ತುಟಿಗಳ ನಡುವೆ ಒಂದು ಎಲೆ

ಬಾಗಿಲುಗಳು ಓಗೊಡುವ ಊರೊಂದಿತ್ತು. ಅಲ್ಲಿ ಬೀಗವಿರಲಿಲ್ಲ, ಅಗುಳಿಯಿರಲಿಲ್ಲ, ಕೀಲಿಕೈ ಎಂದರೆ ಏನೆಂದು ಅಲ್ಲಿಯ ಮಕ್ಕಳಿಗೆ ಗೊತ್ತಿರಲಿಲ್ಲ. ಪ್ರತಿ ಬಾಗಿಲಿನ ನೆತ್ತಿಯ ಮೇಲೂ ಕಲ್ಲಿನಲ್ಲಿ ಒಂದು ಗುರುತು ಕೆತ್ತಿತ್ತು. ಆ ಗುರುತನ್ನು ಓದಿ, ಅದರ ಹೆಸರು ಹಿಡಿದು ಕರೆದರೆ ಬಾಗಿಲು ತೆರೆಯುತ್ತಿತ್ತು. ಹೆಸರು ತಪ್ಪಿದರೆ, ಕರೆದವರ ದನಿಯನ್ನು ಒಳಗೆ ಇಟ್ಟುಕೊಂಡು ಸುಮ್ಮನಾಗುತ್ತಿತ್ತು. ಕಟ್ಟಿದವರು ಹಾಗೆ ಕಟ್ಟಿದ್ದರು. ಯಾಕಪ್ಪಾ ಹೀಗೆ ಕಟ್ಟಿದಿರಿ ಎಂದು ಕೇಳೋಣವೆಂದರೆ ಅವರಲ್ಲಿ ಯಾರೂ ಉಳಿದಿರಲಿಲ್ಲ.

ಕಲ್ಲು ಇದ್ದ ಹಾಗೇ ಇರುತ್ತದೆ, ಬಾಯಿ ಹಾಗೆ ಇರುವುದಿಲ್ಲ. ಅಜ್ಜ ಒರಟಾಗಿ ಹೇಳಿದ್ದನ್ನು ಮಗ ನಯ ಮಾಡುತ್ತಾನೆ, ಮೊಮ್ಮಗ ಅದನ್ನು ಇನ್ನೂ ನಯ ಮಾಡುತ್ತಾನೆ. ಆ ಊರಿನವರಿಗಂತೂ ನಯದ ಹುಚ್ಚು ಹಿಡಿದಿತ್ತು. ಎದುರಿಗೆ ನಿಂತವರ ಮುಂದೆ ಬಾಯಿ ಮುಚ್ಚಿ ಮಾತು ಮುಗಿಸುವುದೆಂದರೆ ಮುಖದ ಮೇಲೆ ಕದ ಹಾಕಿದ ಹಾಗೆ ಎಂದು ಅವರ ನಂಬಿಕೆ. ಮಗು ಮೊದಲ ಮಾತು ಆಡಿದ ದಿನವೇ ತಾಯಿ ಅದರ ಗಲ್ಲ ಹಿಡಿದು, "ಬಾಯಿ ಬಿಡು ಕಂದ, ಬಾಯಿ ಬಿಟ್ಟು ಮುಗಿಸು" ಎಂದು ಕಲಿಸುತ್ತಿದ್ದಳು. ನೀರು, ಕಲ್ಲು, ಹಾಲು, ಕಣ್ಣು. ಯಾವ ಮಾತೇ ಇರಲಿ, ಅದರ ಕೊನೆಯಲ್ಲಿ ತುಟಿ ತೆರೆದಿರಬೇಕು, ಒಂದಿಷ್ಟು ಉಸಿರು ಹೊರಗೆ ಬಂದು ಎದುರಿನವರಿಗೆ ತಾಕಬೇಕು. ಅದೇ ಮರ್ಯಾದೆ. ಕಾಲ ಕಳೆದಂತೆ ಆ ಉಸಿರಿನ ಬಾಲ ಅವರ ಕಿವಿಗೇ ಕೇಳಿಸದಾಯಿತು, ನಮ್ಮ ಮೂಗು ನಮಗೆ ಕಾಣದ ಹಾಗೆ.

ಹೀಗಿರುವಾಗ ಬಾಗಿಲುಗಳು ಒಂದೊಂದಾಗಿ ಓಗೊಡುವುದನ್ನು ಬಿಟ್ಟವು. ಮೊದಲು ಊರಾಚೆಯ ಕಾವಲು ಗೋಪುರದ ಬಾಗಿಲು. ಅದರಿಂದ ಯಾರಿಗೂ ನಷ್ಟವಿರಲಿಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಕಣಜದ ಬಾಗಿಲು. ಹಿತ್ತಲಿನ ಗೋಡೆ ಒಡೆದು ಕಾಳು ತೆಗೆದರು. ಆಮೇಲೆ ಮನೆಮನೆಯ ಬಾಗಿಲು. ದನಿ ಕಳೆದುಕೊಳ್ಳುವ ಭಯಕ್ಕೆ ಜನ ಬಾಗಿಲುಗಳನ್ನೇ ಕಿತ್ತು ಹಾಕಿ, ಬಟ್ಟೆಯ ಪರದೆ ಇಳಿಬಿಟ್ಟುಕೊಂಡು ಬದುಕಿದರು. ಕೊನೆಗೆ ಬಾವಿಮನೆಯ ಬಾಗಿಲು. ಊರ ನಡುವಿನ ಬಂಡೆಯನ್ನು ಕೊರೆದು ಮಾಡಿದ ಮನೆ ಅದು. ಒಳಗೆ ಊರಿಗೆ ಇದ್ದ ಒಂದೇ ಒಂದು ಬಾವಿ. ಆ ಬಂಡೆಯನ್ನು ಒಡೆಯುವ ಉಳಿ ಆ ಊರಿನಲ್ಲಿ ಇರಲಿಲ್ಲ.

ಅಂದಿನಿಂದ ಅವರು ಉಪ್ಪಿನವರ ನೀರು ಕುಡಿದು ಬದುಕುತ್ತಿದ್ದರು. ಉಪ್ಪಿನವರು ಬಯಲಿನಾಚೆಯ ಜನ. ಕತ್ತೆಗಳ ಬೆನ್ನಿನ ಒಂದು ಕಡೆ ಉಪ್ಪು, ಇನ್ನೊಂದು ಕಡೆ ತೊಗಲಚೀಲದಲ್ಲಿ ನೀರು ಹೇರಿಕೊಂಡು ಬಂದು, ಊರಿನವರು ನೇಯ್ದ ಬಟ್ಟೆ ಕೊಂಡು ಹೋಗುತ್ತಿದ್ದರು. ಅವರ ಮಾತು ಮೊಟಕು. ನೀರ್ ಎನ್ನುತ್ತಿದ್ದರು, ಕಲ್ ಎನ್ನುತ್ತಿದ್ದರು, ಹೇಳಿ ಪಟ್ಟನೆ ಬಾಯಿ ಮುಚ್ಚುತ್ತಿದ್ದರು. ಊರಿನವರು ಅವರ ನೀರು ಕುಡಿದು, ತುಟಿ ಒರೆಸಿಕೊಂಡು, ಅವರ ಬಾಯಿಯನ್ನು ಆಡಿಕೊಂಡು ನಗುತ್ತಿದ್ದರು.

ಆ ಊರಿನ ಒಂದು ಮನೆತನಕ್ಕೆ ಸದ್ದು ಹುಡುಕುವ ಕೆಲಸ. ಬಾಗಿಲ ಮೇಲಿನ ಗುರುತುಗಳನ್ನು ನೋಡಿ, ಹಿಂದಿನವರ ಬಾಯಿ ಅದನ್ನು ಹೇಗೆ ಕರೆದಿರಬೇಕೆಂದು ಲೆಕ್ಕ ಹಾಕುವುದು. ಆ ಮನೆಯಲ್ಲಿ ಈಗ ಇದ್ದವಳು ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದ. ಹಾಲುಹಲ್ಲು ಉದುರುತ್ತಿದ್ದ ಒಬ್ಬ ಮಗಳಿದ್ದಳು. ಊರವರು ಆ ಹೆಂಗಸನ್ನು ಸದ್ದಿನವಳು ಎಂದು ಕರೆಯುತ್ತಿದ್ದರು. ಅವಳಿಗೆ ದನಿಯಿರಲಿಲ್ಲ. ಕಿವಿ ಚುರುಕಾಗಿತ್ತು, ಬಾಯಿಂದ ಮಾತ್ರ ಒಂದು ಚೂರು ಸದ್ದು ಹೊರಡುತ್ತಿರಲಿಲ್ಲ. ಅಂಥವಳನ್ನು ಸದ್ದಿನವಳು ಎನ್ನಲು ಆ ಊರಿನ ಯಾರಿಗೂ ನಾಚಿಕೆಯಾಗಲಿಲ್ಲ. ನಯದ ಮಾತಿನ ಜನ ಹೀಗೇ ಇರುತ್ತಾರೆ.

ಅವಳ ದನಿ ಬಾವಿಮನೆಯೊಳಗೆ ಇತ್ತು.

ಅವಳು ಮಗಳ ವಯಸ್ಸಿನವಳಾಗಿದ್ದಾಗ ಸದ್ದು ಹುಡುಕುತ್ತಿದ್ದವನು ಅವಳ ಅಪ್ಪ. ಸದ್ದು ಹುಡುಕಿದವರ ಮನೆಯ ಮಗುವೇ ಹೋಗಿ ಬಾಗಿಲನ್ನು ಕರೆಯಬೇಕೆಂದು ಕಟ್ಟಳೆ. ಮಗುವಾದರೆ ಹೇಳಿಕೊಟ್ಟ ಹಾಗೆ ನಾಲಿಗೆ ಹೊರಳುತ್ತದೆ. ಸ್ವಂತ ಮಗುವಾದರೆ ಹುಡುಕುವವನು ಉಡಾಫೆ ಮಾಡುವುದಿಲ್ಲ. ಅಪ್ಪ ಬಹಳ ಕಾಲ ಲೆಕ್ಕ ಹಾಕಿ ಒಂದು ಸದ್ದಿಗೆ ಬಂದು ನಿಂತ. ಮಗಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಕಲಿಸಿದ. ತನ್ನ ಬಾಯಿಂದ ಒಮ್ಮೆಯೂ ಅದನ್ನು ಹೇಳಲಿಲ್ಲ, ತನ್ನದು ಕೆಟ್ಟ ಬಾಯಿ, ಅದು ಮಗುವಿನ ಕಿವಿಗೆ ಹತ್ತೀತು ಎಂದು ಹೆದರಿದ. ಗೊತ್ತಿದ್ದ ಎರಡು ಮಾತು ತೋರಿಸಿ, ಇದರ ತಲೆ ತಗೋ, ಅದರ ಬಾಲ ತಗೋ, ಎರಡನ್ನೂ ಕೂಡಿಸು ಎಂದ. ಆಮೇಲೆ ಒಂದು ಬೇವಿನೆಲೆ ಕಿತ್ತು ಅದರ ತೊಟ್ಟನ್ನು ಅವಳ ಕೆಳತುಟಿಗೆ ಅಂಟಿಸುತ್ತಿದ್ದ, ತಾನೂ ಒಂದು ಎಲೆಯನ್ನು ತುಟಿಗಳಲ್ಲಿ ಕಚ್ಚಿಕೊಳ್ಳುತ್ತಿದ್ದ. ಸದ್ದು ಮುಗಿದ ಮೇಲೂ ಅವಳ ಎಲೆ ಬೀಳಬಾರದು. ಅವಳಿಗೆ ಅದೊಂದು ಆಟ. ಎಲೆ ತೆಗೆದು ಕೇಳುತ್ತಿದ್ದಳು: "ಅಪ್ಪಾ, ಸರಿಯಾಯ್ತಾ?" ಬಾಯಲ್ಲಿ ಎಲೆಯಿದ್ದ ಅಪ್ಪ ಅವಳ ಮಣಿಕಟ್ಟನ್ನು ಎರಡು ಸಲ ತಟ್ಟುತ್ತಿದ್ದ. ಹಾಗೆಂದರೆ ಸರಿ.

ಕರೆಯುವ ದಿನ ಇಡೀ ಊರು ಬಾವಿಮನೆಯ ಮುಂದೆ ಸೇರಿತ್ತು. ಬಾಯಲ್ಲಿ ಏನೂ ಇರಬಾರದು ಎಂದು ಹಿರಿಯರು ಎಲೆ ತೆಗೆಸಿದರು. ಅವಳು ಕರೆದಳು. ಬಾಗಿಲು ಮಿಸುಕಲಿಲ್ಲ. ಅವಳು ಅಪ್ಪನ ಕಡೆ ತಿರುಗಿ ಸರಿಯಾಯ್ತಾ ಎಂದು ಕೇಳಲು ಬಾಯಿ ತೆರೆದಳು, ಏನೂ ಬರಲಿಲ್ಲ. ಆಗ ಅಪ್ಪ ಜನರ ನಡುವೆ ಬಂದು ಎದೆ ಗುದ್ದಿಕೊಂಡು ಕೂಗಿದ: "ಲೆಕ್ಕ ನಂದು, ತಪ್ಪಿದ್ದು ನಾನು! ಮಗು ನಾನು ಹೇಳ್ಕೊಟ್ಟಿದ್ದನ್ನೇ ಹೇಳಿತು. ಆ ಸದ್ದೇ ಸುಳ್ಳು. ಅದನ್ನ ಇನ್ನು ಯಾರೂ ಮುಟ್ಟಬೇಡಿ." ಆಮೇಲೆ ಅವನು ಯಾವ ಗುರುತನ್ನೂ ಕಣ್ಣೆತ್ತಿ ನೋಡಲಿಲ್ಲ. ಕೊರಗಿ ಕೊರಗಿ ಸತ್ತ. ಅವಳು ಅಪ್ಪನನ್ನು ದೂರಲಿಲ್ಲವೆಂದರೆ ಸುಳ್ಳಾದೀತು. ದೂರಲು ದನಿಯಿರಲಿಲ್ಲ, ಅಷ್ಟೆ.

ಈಗ ಉಪ್ಪಿನವರು ಆ ಸೀಮೆ ಬಿಡುತ್ತಿದ್ದರು. ಬಯಲಿನ ಉಪ್ಪು ಮುಗಿದಿತ್ತು, ಬೇರೆ ಬಯಲು ಹುಡುಕಿಕೊಂಡು ಹೊರಡುತ್ತೇವೆ ಎಂದಿದ್ದರು. ಅವರು ಹೋದರೆ ಊರಿಗೆ ನೀರಿಲ್ಲ. ಊರ ಹಿರಿಯ ದಿನಾ ಬೆಳಿಗ್ಗೆ ಸದ್ದಿನವಳ ಮನೆಯ ಪರದೆ ಸರಿಸಿ ನಿಲ್ಲುತ್ತಿದ್ದ. "ಆಯ್ತೇನಮ್ಮಾ ತಾಯಿ?" ಎನ್ನುತ್ತಿದ್ದ. ಅವಳು ಅಂಗೈಯನ್ನು ಅಡ್ಡಕ್ಕೆ ಎಳೆಯುತ್ತಿದ್ದಳು. ಹಾಗೆಂದರೆ ಇಲ್ಲ. ಊರ ಹಿರಿಯ ಅವಳ ಮಗಳ ಕಡೆ ನೋಡಿ ನಯವಾಗಿ ನಕ್ಕು, ಬಾಯಿ ತೆರೆದುಕೊಂಡೇ ಹೊರಟುಹೋಗುತ್ತಿದ್ದ. ಆ ನಗುವನ್ನು ಕಂಡಾಗಲೆಲ್ಲ ಅವಳು ಮಗಳನ್ನು ತನ್ನ ಬೆನ್ನ ಹಿಂದಕ್ಕೆ ಸರಿಸುತ್ತಿದ್ದಳು.

ಅವಳು ಹಗಲಿಡೀ ಊರಿನಲ್ಲಿ ಉಳಿದಿದ್ದ ಗುರುತುಗಳ ಮುಂದೆ ಕೂರುತ್ತಿದ್ದಳು. ಪ್ರತಿ ಗುರುತಿಗೂ ಎರಡು ಪಾಲು. ಒಂದು ಪಾಲು ಇದು ಏನು ಎನ್ನುತ್ತದೆ: ನೀರಿನದೋ, ಹಕ್ಕಿಯದೋ, ಕೈಯ ಕೆಲಸವೋ. ಇನ್ನೊಂದು ಪಾಲು ಇದನ್ನು ಹೀಗೆ ಕರೆ ಎನ್ನುತ್ತದೆ. ಬಾವಿಮನೆಯ ಗುರುತಿನಲ್ಲಿ ಒಂದು ಕಡೆ ನೀರಿನ ಗೆರೆಗಳು, ಇನ್ನೊಂದು ಕಡೆ ಮುಚ್ಚಳ ಹಾಕಿದ ಒಂದು ಮಡಕೆ. ಮಡಕೆಯೇ ಸದ್ದಿನ ಪಾಲು. ಅದೇ ಮಡಕೆ ಬೇರೆ ಗುರುತುಗಳಲ್ಲೂ ಇತ್ತು. ಹಕ್ಕಿಯ ಪಕ್ಕ ಮಡಕೆಯಿದ್ದರೆ ಪಾರಿವಾಳ, ಊರವರು ಅದನ್ನು ದೌ ಎಂದು ಓದುತ್ತಿದ್ದರು. ಕೈಯ ಪಕ್ಕ ಇದ್ದರೆ ಹೆಕ್ಕುವುದು, ಅದನ್ನು ರೌ ಎಂದು ಓದುತ್ತಿದ್ದರು. ಬಾವಿಮನೆಯದನ್ನು ಜೌ ಎನ್ನುತ್ತಿದ್ದರು, ಹಾಗೆ ಕರೆದ ಮೊದಲನೆಯವನು ದನಿ ಹೋಗಿ ಮೂಕನಾಗಿ ಸತ್ತಿದ್ದ. ಒಂದೇ ಮಡಕೆ ಹೊತ್ತ ಗುರುತುಗಳು ಒಂದು ಕಾಲಕ್ಕೆ ಒಂದೇ ಹೊಟ್ಟೆಯ ಮಕ್ಕಳು. ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಬೇಕು. ಒಬ್ಬಳ ತಲೆ ದ, ಇನ್ನೊಬ್ಬಳದು ರ. ಹಾಗಾದರೆ ತಾಯಿಯ ಬಾಯಲ್ಲಿ ಎರಡೂ ಒಟ್ಟಿಗೆ ಇದ್ದಿರಬೇಕು. ದ್ರ.

ತಲೆ ಸಿಕ್ಕಿತು. ಬಾಲಕ್ಕಾಗಿ ಅವಳು ಕುಟ್ಟುವ ಹಾಡುಗಳನ್ನು ಹಿಡಿದಳು. ಒನಕೆ ಹಿಡಿದ ಹೆಂಗಸರು ಅಜ್ಜಿಯರ ಕಾಲದಿಂದ ಹಾಡಿಕೊಂಡು ಬಂದ ಹಾಡುಗಳು. ಮಗಳು ಅವನ್ನು ಹಾಡಿ ತೋರಿಸುತ್ತಿದ್ದಳು, ತಾಯಿ ಕೇಳುತ್ತಿದ್ದಳು. ಹಾಡು ಒಂದೊಂದು ಕಡೆ ಕುಂಟುತ್ತಿತ್ತು, ಸಾಲಿನ ಕೊನೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಹಾಡು ಕಟ್ಟಿದವಳಿಗೆ ಕಿವಿ ಕೆಟ್ಟಿರಲಿಲ್ಲ. ಅವಳ ಬಾಯಲ್ಲಿ ಆ ಕೊನೆಗಳು ಕೂಡುತ್ತಿದ್ದವು. ಮಡಕೆಯ ಮಾತುಗಳು ಸಾಲಿನ ಕೊನೆಯಲ್ಲಿ ಯಾವ ಮಾತುಗಳ ಜೊತೆ ಕುಳಿತಿದ್ದವೋ ಅವೆಲ್ಲ ಒಂದು ಕಾಲಕ್ಕೆ ಪ ಎಂಬಲ್ಲಿ ಮುಗಿಯುತ್ತಿದ್ದ ಮಾತುಗಳು. ಒಂದು ಸಂಜೆ ಅವಳು ತಲೆ ಬಾಲ ಕೂಡಿಸಿ, ಮರಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಬರೆದಳು. ದ್ರಪ್. ಬರೆದು, ಅದರ ತಲೆಯ ಮೇಲೆ ಒಂದು ಚುಕ್ಕಿ ಇಟ್ಟಳು. ಯಾವ ಕಿವಿಯೂ ಕೇಳದ, ಬರೀ ಲೆಕ್ಕದಿಂದ ಬಂದ ಸದ್ದಿಗೆ ಆ ಮನೆಯವರು ಚುಕ್ಕಿ ಇಡುತ್ತಿದ್ದರು.

ಬರೆದದ್ದನ್ನು ಮತ್ತೊಮ್ಮೆ ನೋಡಿದಳು. ಅದು ಅಪ್ಪನ ಸದ್ದು. ಅವಳ ದನಿಯನ್ನು ನುಂಗಿದ ಸದ್ದು ಅದೇ.

ಅಂಗೈಯಿಂದ ಮರಳನ್ನು ಉಜ್ಜಿದಳು. ಮರುದಿನ ಬೇರೆ ಗುರುತಿನಿಂದ ಹೊರಟಳು, ಬೇರೆ ಹಾಡಿನಿಂದ ಬಂದಳು. ದ್ರಪ್. ಪಾರಿವಾಳವನ್ನು ಬಿಟ್ಟು ಲೆಕ್ಕ ಹಾಕಿದಳು. ದ್ರಪ್. ಬೇಕೆಂದೇ ತಪ್ಪು ಹಾಕಿ ನೋಡಿದಳು, ಲೆಕ್ಕ ತಾನೇ ಸರಿಮಾಡಿಕೊಂಡು ಅಲ್ಲಿಗೇ ಬಂದು ನಿಂತಿತು. ಯಾವ ಓಣಿ ಹಿಡಿದರೂ ಅದೇ ಬಾವಿಮನೆ ಎದುರಾಗುವ ಹಾಗೆ.

"ಅಮ್ಮಾ, ಚುಕ್ಕಿ ಇಟ್ರೆ ಗೊತ್ತಿಲ್ಲ ಅಂತ ಅಲ್ವಾ?" ಎಂದು ಮಗಳು ಕೇಳಿದಳು. ತಾಯಿ ತಲೆಯಾಡಿಸಿದಳು. "ಗೊತ್ತಿಲ್ದೆ ಇರೋದನ್ನ ನಾನು ಹೆಂಗೆ ಕರೀಲಿ?" ತಾಯಿ ಮಗಳ ತಲೆ ಸವರುತ್ತಾ ಕುಳಿತಳು. ಅವಳಿಗೆ ಭಯವಾಗಿತ್ತು. ಈ ಮಗು ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಚಿಲಿಪಿಲಿ ಎನ್ನುವುದು. ಮನೆಯಲ್ಲಿದ್ದ ದನಿಯೆಂದರೆ ಅದೊಂದೇ.

ಬೆಳಿಗ್ಗೆ ಹಿರಿಯ ಪರದೆ ಸರಿಸಿದ. "ಆಯ್ತೇನಮ್ಮಾ ತಾಯಿ?" ಎಂದ. ಅವಳ ಕೈ ಅಡ್ಡಕ್ಕೆ ಹೋಗುವ ಮೊದಲೇ ಹೇಳಿದ: "ಉಪ್ಪಿನವರು ಇವತ್ತೇ ಹೊರಡ್ತಿದಾರೆ. ಮಡಕೆಗಳಲ್ಲಿ ತುಂಬಿಸ್ಕೊಂಡಷ್ಟೇ ನಮ್ಮ ಪಾಲು. ನಾಳೆ ಬೆಳಿಗ್ಗೆ ನಿನ್ನ ಮಗಳು ಬಾಗಿಲನ್ನ ಕರೀಬೇಕು. ಸಿಕ್ಕಿದ್ದರೆ ಸಿಕ್ಕಿದ್ದು, ಸಿಗದಿದ್ರೆ ನಿನಗೆ ಯಾವುದು ಹತ್ತಿರ ಅನ್ನಿಸ್ತದೋ ಅದು. ನಮ್ಮ ಕೈಲಿ ಇನ್ನೇನಿದೆ, ಹೇಳು?" ಮಾತು ಮುಗಿಸಿ ಎಂದಿನಂತೆ ಬಾಯಿ ತೆರೆದೇ ನಿಂತಿದ್ದ. ಗಂಟಲು ಒಣಗಿದ್ದರೂ ಮರ್ಯಾದೆ ಬಿಟ್ಟಿರಲಿಲ್ಲ.

ಅವನು ಹೋದ ಕೂಡಲೇ ಅವಳು ಬಟ್ಟೆಯ ಗಂಟು ಕಟ್ಟಿದಳು. ಮಗಳ ಕೈ ಹಿಡಿದು, ಹಿತ್ತಿಲ ಪರದೆಯಿಂದ ಹೊರಬಿದ್ದು, ಉಪ್ಪಿನವರು ಬೀಡುಬಿಟ್ಟಿದ್ದ ಕಡೆ ನಡೆದಳು. ಊರು ಬಾಯಾರಿ ಸಾಯಲಿ. ನಾನು ಒಂದು ದನಿ ಕೊಟ್ಟಾಗಿದೆ, ಎರಡನೆಯದನ್ನು ಕೊಡುವುದಿಲ್ಲ. ಮನಸ್ಸಿನಲ್ಲಿ ಅವಳು ಹೇಳಿಕೊಂಡದ್ದು ಇಷ್ಟೇ, ಮತ್ತೆ ಮತ್ತೆ ಇಷ್ಟೇ.

ಬೀಡಿನಲ್ಲಿ ಕತ್ತೆಗಳಿಗೆ ಜೀನು ಬಿಗಿಯುತ್ತಿದ್ದರು. ಉಪ್ಪಿನವಳೊಬ್ಬಳು, ಎಷ್ಟೋ ಕಾಲದಿಂದ ಈ ಮನೆಗೆ ನೀರು ಹಾಕುತ್ತಿದ್ದವಳು, ಗಂಟನ್ನೂ ಮಗುವನ್ನೂ ನೋಡಿದಳು. "ಬಾ ತಾಯ್," ಎಂದಳು. "ಕತ್ತೆ ಮೇಲ್ ಜಾಗ ಐತ್. ನಿನ್ ಮಗ್ಳ್ ಕೂರ್ಲ್." ಹೇಳಿ ತುಟಿ ಮುಚ್ಚಿದಳು. ಮಗಳನ್ನು ಎತ್ತಿ ಕತ್ತೆಯ ಮೇಲೆ ಕೂರಿಸಿದಳು.

ಪಕ್ಕದ ಗೂಟದ ಮೇಲೆ ಉಪ್ಪಿನವಳ ಸಾಕಿದ ಪಾರಿವಾಳ ಕುಳಿತಿತ್ತು. ನೀರು ತುಂಬಿಸಲು ಬಂದ ಊರಿನ ಹುಡುಗರು ಅದನ್ನು ಅವರ ಮಾತಿನಲ್ಲೇ ಅಣಕಿಸಿ ಕರೆಯುತ್ತಿದ್ದರು. "ದಪ್ಪು! ದಪ್ಪು!" ಪಾರಿವಾಳ ಗರಿ ಕೆದರಿಕೊಳ್ಳುತ್ತಾ ತನ್ನ ಪಾಡಿಗೆ ತಾನಿತ್ತು. ಹೊರಡುವ ಹೊತ್ತಾಯಿತೆಂದು ಉಪ್ಪಿನವಳು ಅದರ ಕಡೆ ತಿರುಗಿ ಕರೆದಳು: "ದಪ್." ಪಾರಿವಾಳ ಹಾರಿ ಬಂದು ಅವಳ ಭುಜದ ಮೇಲೆ ಕುಳಿತಿತು.

ಸದ್ದಿನವಳು ಉಪ್ಪಿನವಳ ಬಾಯನ್ನೇ ನೋಡುತ್ತಿದ್ದಳು. ಸದ್ದು ತುಟಿಯ ತನಕ ಬಂತು, ತುಟಿ ಮುಚ್ಚಿತು, ಆಮೇಲೆ ತೆರೆಯಲಿಲ್ಲ. ಹಕ್ಕಿ ಬಂದು ಕೂರುವ ತನಕ ಮುಚ್ಚಿಯೇ ಇತ್ತು. ಇವರು ಎಂದೋ ಈ ಊರಿನಿಂದ ಈ ಮಡಕೆಯ ಮಾತನ್ನು ಕೊಂಡೊಯ್ದವರು, ಹೇಗೆ ಕೊಂಡೊಯ್ದರೋ ಹಾಗೇ ಇಟ್ಟುಕೊಂಡವರು. ತಲೆಯ ಒಂದು ಚೂರು, ಆ ರ, ದಾರಿಯಲ್ಲಿ ಉದುರಿತ್ತು, ಬಾಲ ಮಾತ್ರ ಹಾಗೇ ಇತ್ತು. ಆ ಬಾಲ ಬಾಯಿಂದ ಹೊರಗೆ ಬಿಡುವಂಥದ್ದಲ್ಲ, ಒಳಗೆ ಹಿಡಿದು ಕಾಯುವಂಥದ್ದು.

ಎಲೆ ಬೀಳಬಾರದು.

ಆಗ ಅವಳಿಗೆ ಆ ದಿನ ಪೂರ್ತಿ ಕಂಡಿತು. ಬೇವಿನ ಮರದ ಕೆಳಗೆ ಅವಳು ಸರಿಯಾಗಿಯೇ ಹೇಳುತ್ತಿದ್ದಳು, ಎಲೆಗಾಗಿ ತುಟಿ ಬಿಗಿದು ಹಿಡಿಯುತ್ತಿದ್ದಳು. ಕರೆಯುವ ದಿನ ಎಲೆಯಿರಲಿಲ್ಲ. ಎದುರಿಗೆ ಹಿರಿಯರಿದ್ದರು, ಹೊಸ ಲಂಗ ಉಟ್ಟಿದ್ದಳು, ಇಡೀ ಊರು ನೋಡುತ್ತಿತ್ತು. ಒಳ್ಳೆಯ ಮನೆಯ ಮಗಳ ಹಾಗೆ ಅವಳು ಸದ್ದು ಮುಗಿಸಿ ಬಾಯಿ ತೆರೆದಿದ್ದಳು. ಊರಿನಲ್ಲಿ ಯಾರ ಕಿವಿಗೂ ಅದು ತಪ್ಪೆಂದು ಕೇಳಿಸಲಿಲ್ಲ. ಅಪ್ಪ ಒಬ್ಬನ ಕಣ್ಣಿಗೆ ಕಂಡಿತ್ತು. ಕಂಡ ಕೂಡಲೇ ಅವನು ಎದೆ ಗುದ್ದಿಕೊಂಡು ತನ್ನ ಜೀವಮಾನದ ಲೆಕ್ಕವನ್ನೇ ಸುಳ್ಳೆಂದು ಕೂಗಿದ್ದ. ದನಿ ಹೋದದ್ದು ತನ್ನ ತಪ್ಪಿನಿಂದ ಎಂದು ಮಗು ಯಾವತ್ತೂ ಅಂದುಕೊಳ್ಳಬಾರದು, ಅದಕ್ಕೆ. ಸರಿಯಾದ ಸದ್ದನ್ನು ಅವನೇ ಹೂತು ಹಾಕಿದ್ದ. ಊರು ಇಷ್ಟು ಕಾಲ ಬಾಯಾರಿತು, ಅವನು ತಪ್ಪಿತಸ್ಥನಾಗಿ ಸತ್ತ, ಮಗಳು ಅವನನ್ನು ಒಳಗೊಳಗೇ ಶಪಿಸುತ್ತಾ ಬೆಳೆದಳು.

ಅವಳು ಅಲ್ಲೇ ಉಪ್ಪು ಚೆಲ್ಲಿದ ನೆಲದ ಮೇಲೆ ಕುಸಿದು ಕುಳಿತು ಅತ್ತಳು. ಸದ್ದಿಲ್ಲದ ಅಳು ಅದು, ಭುಜ ಮಾತ್ರ ಕುಲುಕುತ್ತಿತ್ತು. ಅಪ್ಪನ ಮೇಲೆ ಅಯ್ಯೋ ಎನ್ನಿಸಿತು. ಅವನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕು ಎಂತಲೂ ಅನ್ನಿಸಿತು.

ಮಗಳು ಕತ್ತೆಯಿಂದ ಜಾರಿ ಇಳಿದು ಬಂದಳು. ತಾಯಿ ಕಣ್ಣೊರೆಸಿಕೊಂಡು, ಹತ್ತಿರದ ಗಿಡದಿಂದ ಒಂದು ಎಲೆ ಕಿತ್ತು, ಮಗಳ ಕೆಳತುಟಿಗೆ ಅಂಟಿಸಿ, ಪಾರಿವಾಳವನ್ನು ತೋರಿಸಿದಳು. ಮಗಳಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. "ದಪ್." ಎಲೆ ತುಟಿಗಳ ನಡುವೆ ನಿಂತಿತು. ಉಪ್ಪಿನವಳ ಭುಜದ ಮೇಲಿದ್ದ ಪಾರಿವಾಳ ಕತ್ತು ಹೊರಳಿಸಿ ಮಗುವನ್ನು ನೋಡಿತು. ನೋಡಿ, ಹಾರಿ ಬಂದು ಅವಳ ತಲೆಯ ಮೇಲೆ ಕುಳಿತಿತು.

"ಹೊತ್ತಾಯ್ತ್ ತಾಯ್," ಎಂದಳು ಉಪ್ಪಿನವಳು. "ಬರ್ತೀಯೋ ಇಲ್ಲೋ?"

ಪಾರಿವಾಳ ಬೇರೆ, ಕಲ್ಲು ಬೇರೆ. ಪಾರಿವಾಳ ತಪ್ಪಿದವರ ದನಿ ಕಿತ್ತುಕೊಳ್ಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಹೋಗಿಬಿಟ್ಟರೆ ಮಗಳ ದನಿ ಖಂಡಿತ ಉಳಿಯುತ್ತದೆ, ಅದೂ ಗೊತ್ತಿತ್ತು. ಊರಿನ ಮೇಲಿನ ಪ್ರೀತಿಯಿಂದ ಅವಳು ಹಿಂದಿರುಗಿದಳು ಎಂದು ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಅದು ಅರ್ಧ ನಿಜ. ಅಪ್ಪ ತಪ್ಪಿರಲಿಲ್ಲವೆಂದು ಊರೆಲ್ಲ ಕಿವಿಯಾರೆ ಕೇಳಲಿ ಎಂಬ ಹಠವೇ ಹೆಚ್ಚು. ಅದಕ್ಕೆ ಮಗುವನ್ನು ಪಣಕ್ಕಿಡುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಮರಳಿನ ಮೇಲೆ ಬೆರಳಿನಿಂದ ಮಗಳಿಗೆ ಬರೆದಳು: ಹೋಗೋಣವೋ, ಕರೆಯುತ್ತೀಯೋ?

ಮಗಳು ಓದಿದಳು. ತಲೆಯ ಮೇಲೆ ಹಕ್ಕಿಯನ್ನು ಹೊತ್ತುಕೊಂಡಿದ್ದ ಮಗುವಿಗೆ ಆ ಹೊತ್ತಿನಲ್ಲಿ ಭಯ ಎಲ್ಲಿಂದ ಬರಬೇಕು? "ಕರೀತೀನಿ ಅಮ್ಮಾ, ನಂಗೆ ಬಂತಲ್ಲ!" ಎಂದಳು. ಉಪ್ಪಿನವಳು ಪಾರಿವಾಳವನ್ನು ಎತ್ತಿಕೊಂಡು, ಉಳಿದಿದ್ದ ನೀರಿನ ಚೀಲವೊಂದನ್ನು ಗಂಟಿನ ಪಕ್ಕ ಇಟ್ಟು, ಹಿಂತಿರುಗಿ ನೋಡದೆ ಹೊರಟಳು.

ಬೆಳಗಾಯಿತು. ಬಾವಿಮನೆಯ ಮುಂದೆ ಊರು ಸೇರಿತ್ತು, ಒಬ್ಬೊಬ್ಬರ ಕೈಯಲ್ಲೂ ಖಾಲಿ ಕೊಡ. ಹೆಂಗಸರು ಮಗುವನ್ನು ನೋಡಿ ಕಣ್ಣು ತಪ್ಪಿಸಿದರು. ಊರ ಹಿರಿಯ ಬಂದು ಮಗುವಿನ ಬಾಯಿ ತೆರೆಸಿ ನೋಡಿ, "ಏನೂ ಇಲ್ಲ, ಕರಿ ಕೂಸೇ" ಎಂದ. ಮಗಳು ಬಾಗಿಲ ಮುಂದೆ ನಿಂತಳು. ತಾಯಿ ಬಾಗಿಲ ಪಕ್ಕಕ್ಕೆ ಬಂದು ಮಗಳಿಗೆ ಕಾಣುವ ಹಾಗೆ ನಿಂತಳು. ಸೆರಗಿನಿಂದ ಒಂದು ಬೇವಿನೆಲೆ ತೆಗೆದು ತನ್ನ ತುಟಿಗಳ ನಡುವೆ ಇಟ್ಟುಕೊಂಡಳು. ಕರೆಯುವವಳ ಬಾಯಲ್ಲಿ ಏನೂ ಇರಬಾರದೆಂದು ಕಟ್ಟಳೆ, ಮೂಗಿಯ ಬಾಯಿಗೆ ಯಾವ ಕಟ್ಟಳೆಯೂ ಇರಲಿಲ್ಲ.

"ದ್ರಪ್."

ಮಗಳ ತುಟಿ ಮುಚ್ಚಿತು. ಬಾಗಿಲು ಮಿಸುಕಲಿಲ್ಲ.

ಮುದುಕನೊಬ್ಬ ಉಸಿರೆಳೆದುಕೊಂಡ. "ಅದೇ ಸದ್ದು! ಸದ್ದಿನವಳ ಅಪ್ಪ ಸುಳ್ಳು ಅಂದ್ನಲ್ಲ, ಅದೇ ಸದ್ದು!" ಗುಂಪು ಗುಜುಗುಜು ಎಂದಿತು. ಬಾಗಿಲು ಮಿಸುಕಲಿಲ್ಲ. ಮಗಳು ಬಾಯಿ ಮುಚ್ಚಿಕೊಂಡೇ ಇದ್ದಳು. ಆಗ ಯಾರ ಕಣ್ಣಿಗೋ ಅದು ಬಿತ್ತು. "ಬಾಯಿ ಮುಚ್ಕೊಂಡು ನಿಂತಿದೆಯಲ್ರೀ ಮಗು! ಬಾಗಿಲಿಗೇ 'ಹೋಗು' ಅಂದ ಹಾಗಾಯ್ತಲ್ಲ!" ಇನ್ನೊಬ್ಬಳು ಕೂಗಿದಳು: "ಬಾಯಿ ಬಿಡೇ ಕಂದ, ಬಾಯಿ ಬಿಟ್ಟು ಮುಗಿಸು!" ಅವಳ ಹಿಂದೆ ಎಲ್ಲರೂ. ಬಾಯಿ ಬಿಡು. ಬಾಯಿ ಬಿಡು. ಹುಟ್ಟಿದಾಗಿನಿಂದ ಕೇಳಿದ ಮಾತು, ತಾಯಂದಿರ ದನಿಯಲ್ಲಿ, ನಯವಾಗಿ, ಎಲ್ಲ ಕಡೆಯಿಂದ. ಮಗಳ ಮುಖ ಕೆಂಪಗಾಯಿತು. ಗಲ್ಲ ನಡುಗಿತು. ಕಣ್ಣಲ್ಲಿ ನೀರು ತುಂಬಿ ಇಳಿಯಿತು. ಆ ಕಣ್ಣು ತಾಯಿಯ ಮುಖವನ್ನು ಬಿಟ್ಟು ಅಲುಗಲಿಲ್ಲ. ತಾಯಿಯ ತುಟಿಯಲ್ಲಿ ಎಲೆ ನಿಂತಿತ್ತು.

ಹಿರಿಯ ಮುಂದೆ ಬಂದ. "ಹಟ ಮಾಡಬೇಡ ಕೂಸೇ" ಎಂದು ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಲು ಕೈ ಚಾಚಿದ. ಸದ್ದಿನವಳು ನುಗ್ಗಿ ಬಂದು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಷ್ಟು ಬಲ ಅವಳಿಗೆ ಎಲ್ಲಿತ್ತೋ. ಹಿರಿಯ ಕೊಸರಿದ, ಅವಳು ಬಿಡಲಿಲ್ಲ. ತಪ್ಪಿದ್ದರೆ ಈಗಾಗಲೇ ತಪ್ಪಿಹೋಗಿದೆ, ಮಗು ಬಾಯಿ ತೆರೆದಾಗ ಗೊತ್ತಾಗುತ್ತದೆ. ಅಲ್ಲಿಯವರೆಗೆ ಮುಚ್ಚಿರಲಿ. ಅಲ್ಲಿಯವರೆಗಾದರೂ ಮುಚ್ಚಿರಲಿ.

ಕಲ್ಲಿನೊಳಗೆ ಏನೋ ಹೊರಳಿದ ಸದ್ದಾಯಿತು.

ಬಾಗಿಲು ಅವಸರ ಮಾಡಲಿಲ್ಲ. ನಿದ್ದೆಯಿಂದ ಎದ್ದ ಮುದುಕಿ ಮೈ ಮುರಿಯುವ ಹಾಗೆ ಒಂದಿಷ್ಟು ಸರಿಯಿತು, ನಿಂತಿತು, ಮತ್ತೆ ಸರಿಯಿತು. ಒಳಗಿನಿಂದ ತಂಪುಗಾಳಿ ಬಂದು ಎಲ್ಲರ ಮುಖಕ್ಕೆ ತಾಕಿತು, ನೀರಿನ ವಾಸನೆ ಬಂತು. ಊರು ಬಾಯಿ ತೆರೆದುಕೊಂಡು ನಿಂತಿತ್ತು.

ಆ ಗಾಳಿಯ ಜೊತೆ ಒಂದು ದನಿ ಹೊರಗೆ ಬಂತು. ಹಾಲುಹಲ್ಲು ಉದುರುವ ವಯಸ್ಸಿನ ಹೆಣ್ಣುಮಗುವಿನ ದನಿ.

"ಅಪ್ಪಾ, ಸರಿಯಾಯ್ತಾ?"

ಆಮೇಲೆ ಯಾರೂ ನಿಲ್ಲಲಿಲ್ಲ. ಕೊಡಗಳು ಒಂದಕ್ಕೊಂದು ಬಡಿದವು, ಜನ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ನುಗ್ಗಿದರು. ಹಿರಿಯ ಕೈ ಬಿಡಿಸಿಕೊಂಡು ಎಲ್ಲರಿಗಿಂತ ಮುಂದೆ ಓಡಿದ. ಹೊರಗೆ ಉಳಿದವರು ಇಬ್ಬರೇ. ಮಗಳು ತಾಯಿಯ ಸೆರಗು ಜಗ್ಗಿದಳು. ತುಟಿ ತೆರೆಯಲು ಇನ್ನೂ ಹೆದರುತ್ತಿದ್ದಳು. ತಾಯಿ ಅವಳ ಮುಂದೆ ಮಂಡಿಯೂರಿ ಕುಳಿತಳು. ಮಗಳು ಮೆಲ್ಲಗೆ ಬಾಯಿ ತೆರೆದಳು.

"ಅಮ್ಮಾ," ಎಂದಳು. ದನಿ ಇತ್ತು. "ಅಮ್ಮಾ, ಸರಿಯಾಯ್ತಾ?"

ತಾಯಿ ಅವಳ ಮಣಿಕಟ್ಟನ್ನು ಹಿಡಿದು ಎರಡು ಸಲ ತಟ್ಟಿದಳು.

ಒಳಗೆ ಕೊಡಗಳ ಗದ್ದಲದ ನಡುವೆ, ಬಾವಿಯ ಆಳದಿಂದ ಆ ಇನ್ನೊಂದು ದನಿ ಮತ್ತೆ ಕೇಳಿತು. ಅಪ್ಪಾ, ಸರಿಯಾಯ್ತಾ? ಅದು ತಾಯಿಯ ಬಾಯಿಗೆ ಮರಳಿ ಬರಲಿಲ್ಲ. ಉತ್ತರ ಬರುವ ತನಕ ಬಿಡುವ ಹಾಗೂ ಕಾಣಲಿಲ್ಲ. ಅಂದು ಆ ಮಗು ಹೇಳಿದ್ದು ಸರಿಯಿರಲಿಲ್ಲವೆಂದು ತಿಳಿದಿದ್ದವರು ಇಬ್ಬರೇ, ಅವರಲ್ಲಿ ಒಬ್ಬ ಸುಳ್ಳು ಹೇಳಿ ಸತ್ತಿದ್ದ, ಉಳಿದವಳು ತಾನೊಬ್ಬಳೇ. ಅವಳು ತುಟಿಗಳ ನಡುವಿನ ಎಲೆಯನ್ನು ತೆಗೆಯಲಿಲ್ಲ. ತನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡಳು, ಅಪ್ಪ ಹಿಡಿಯುತ್ತಿದ್ದ ಹಾಗೇ, ಮತ್ತು ಎರಡು ಸಲ ತಟ್ಟಿದಳು.